ಮೈಯಿಲ್ಲದ ಬಡತನ

"ಯಾಕೋ ಇಷ್ಟು ಬಡವಾಗಿದ್ದೀಯ?" ವಿಡಿಯೊ ಕರೆಯಲ್ಲಿ ಊರಿನ ಅಜ್ಜಿಯರು ಇಲ್ಲಿನ ಮೊಮ್ಮಕ್ಕಳನ್ನು ಕೇಳುವ ಮೊದಲ ಪ್ರಶ್ನೆ ಇದು. ಮಿಸೌರಿ ಸಿಟಿಯ ದೊಡ್ಡ ಮನೆಯೊಂದರಲ್ಲಿ ಕೂತ ಹುಡುಗ ಇದನ್ನು 'ಪೂರ್' ಎಂದುಕೊಂಡು ನಗುತ್ತಾನೆ. ಅಜ್ಜಿ ವಿಚಾರಿಸಿದ್ದು ಬ್ಯಾಂಕಿನ ಲೆಕ್ಕವನ್ನಲ್ಲ, ಅವನ ಕೆನ್ನೆಯನ್ನು. ಕನ್ನಡದ 'ಬಡ'ದಲ್ಲಿ ಸೊರಗಿದ, ತೆಳ್ಳಗಿನ ಮೈ ಇದೆ. ಬಡಕಲು ಹಸು ಎನ್ನುತ್ತೇವೆ. ನಮ್ಮ ಹಳೆಯ ಕಾವ್ಯಗಳ ಬಡನಡುವಿನ ಹೆಣ್ಣು ಸುಂದರಿಯೇ ಹೊರತು ದರಿದ್ರಳಲ್ಲ. ಇಂಗ್ಲಿಷಿನ 'ಪೂರ್' ಲ್ಯಾಟಿನ್ನಿನ 'ಪಾಪರ್'ನಿಂದ ಬಂದದ್ದು. ಕಡಿಮೆ ಹುಟ್ಟುವಳಿ ಎಂಬುದು ಅದರ ಮೂಲಾರ್ಥವೆನ್ನುತ್ತಾರೆ. ಅವರದು ಹೊಲದ ಲೆಕ್ಕ, ನಮ್ಮದು ಮೈಯ ಲೆಕ್ಕ.

ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪೆಂಗ್ವಿನ್ ಪ್ರಕಟಣೆಯಾಗಿ ಬಂದಾಗಿನಿಂದ ಹೊರಜಗತ್ತು ಬಸವಣ್ಣನವರ ಶಿವಾಲಯದ ವಚನವನ್ನು ಹೆಚ್ಚಾಗಿ ಅವರ ಇಂಗ್ಲಿಷಿನಲ್ಲೇ ಓದಿಕೊಂಡು ಬಂದಿದೆ. ಅಲ್ಲಿ ಉಳ್ಳವರು 'ರಿಚ್', ಬಡವ 'ಪೂರ್'. ಇದಕ್ಕಿಂತ ಒಳ್ಳೆಯ ಪದ ನನಗೂ ಹೊಳೆಯುವುದಿಲ್ಲ. ಆದರೆ 'ಉಳ್ಳವರು' ಎಂದರೆ ಇರುವವರು, ಅಷ್ಟೆ. ಇರುವುದು ಹಣವೋ ಅಧಿಕಾರವೋ ಎಂದು ಆ ಪದ ಹೇಳುವುದಿಲ್ಲ. 'ರಿಚ್' ಆ ಬಾಗಿಲನ್ನು ಮುಚ್ಚುತ್ತದೆ. ಬಡವನ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಗುಡಿ ಕಟ್ಟಿಸಲಾರದವನು ಆ ವಚನದಲ್ಲಿ ತನ್ನ ಅಂಗಾಂಗಗಳನ್ನೇ ಗುಡಿಯಾಗಿಸುತ್ತಾನೆ. ಬಡವ ಎಂಬಲ್ಲೇ ಕನ್ನಡದ ಕಿವಿಗೆ ಒಂದು ಸೊರಗಿದ ಮೈ ಕೇಳಿಸಿರುತ್ತದೆ. ಗುಡಿಯಾಗುವುದು ಆ ಮೈಯೇ. ಬಸವಣ್ಣನವರು ಈ ಶ್ಲೇಷೆಯನ್ನು ಬೇಕೆಂದೇ ಇಟ್ಟರೆಂದು ನಾನು ವಾದಿಸುವುದಿಲ್ಲ. ಭಾಷೆ ಕೇಳದೆಯೂ ಕೊಡುವ ಇಂಥ ಸಹಾಯ ಇಂಗ್ಲಿಷಿನಲ್ಲಿ ರಾಮಾನುಜನ್‌ರಿಗೆ ಸಿಗಲಿಲ್ಲ, ಅಷ್ಟೆ.

ದೇವನೂರ ಮಹಾದೇವರ 'ಒಡಲಾಳ' ಹೆಸರಿನಲ್ಲೇ ಅನುವಾದಕರನ್ನು ತಡೆದು ನಿಲ್ಲಿಸುತ್ತದೆ. ಒಡಲು ಮೈಯೂ ಹೌದು, ಹೊಟ್ಟೆಯೂ ಹೌದು, ಬಸಿರೂ ಹೌದು. ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿಂದು ಮುಗಿಸುವ ಭಾಗದಲ್ಲಿ ಬಡತನದ ವರ್ಣನೆಗಿಂತ ತಿನ್ನುವ ಸಡಗರವೇ ಹೆಚ್ಚು. ಇಲ್ಲಿನ ಒಂದು ಓದುಗೋಷ್ಠಿಯಲ್ಲಿ ಆ ಮನೆಯವರನ್ನು ಯಾರೋ 'ಫುಡ್ ಇನ್‌ಸೆಕ್ಯೂರ್' ಎಂದಾಗ ಕಡಲೆಕಾಯಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು.

ಆ ಪದಕ್ಕೂ ಒಂದು ಕತೆಯಿದೆ. 2006ರಲ್ಲಿ ಅಮೆರಿಕದ ಕೃಷಿ ಇಲಾಖೆ ತನ್ನ ವರ್ಗೀಕರಣದಿಂದ 'ಹಂಗರ್' ಎಂಬ ಹಳೆಯ, ಗಟ್ಟಿ ಪದವನ್ನು ತೆಗೆದು 'ವೆರಿ ಲೋ ಫುಡ್ ಸೆಕ್ಯೂರಿಟಿ' ಎಂದು ಬರೆಯಿತು. ಹಸಿವು ಒಬ್ಬೊಬ್ಬರ ಮೈಗೆ ಆಗುವಂಥದ್ದು, ಮನೆಗಳನ್ನು ಎಣಿಸುವ ಸಮೀಕ್ಷೆಯಲ್ಲಿ ಅದನ್ನು ಅಳೆಯಲಾಗದು ಎಂಬುದು ತಜ್ಞರ ಸಮರ್ಥನೆ. ಮಾತಿನಲ್ಲಿ ಹುರುಳಿದೆ. ಆದರೆ ಅದೇ ಸಮೀಕ್ಷೆಯ ಪ್ರಶ್ನೆಗಳನ್ನು ನೋಡಿ: ಮಕ್ಕಳಿರುವ ಮನೆಗೆ 18, ಇಲ್ಲದ ಮನೆಗೆ 10. ದುಡ್ಡಿಲ್ಲದೆ ಊಟ ಬಿಟ್ಟಿರಾ, ಹಸಿದುಕೊಂಡೇ ಇದ್ದಿರಾ, ತೂಕ ಇಳಿಯಿತೇ ಎಂದು ಕೇಳುತ್ತವೆ. ಬಡವಾದಿರಾ ಎಂದೇ ಅಲ್ಲವೇ ಅದು? ಹಣೆಪಟ್ಟಿಯಲ್ಲಿ ಮೈಯಿಲ್ಲ, ಪ್ರಶ್ನೆಯಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಇಲಾಖೆ ಆ ವಾರ್ಷಿಕ ವರದಿಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು.

ಹಾಗೆಂದು ಕನ್ನಡವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಟೆಕ್ಸಾಸ್‌ನಲ್ಲಿ ಬಡವರು ಬಡವಾಗುವುದು ಕಡಿಮೆ. ಅಗ್ಗಕ್ಕೆ ಸಿಗುವುದು ಸಕ್ಕರೆ, ಮೈದಾ, ಎಣ್ಣೆ. ಕೊರತೆ ಇಲ್ಲಿ ಎಷ್ಟೋ ಸಲ ಬೊಜ್ಜಾಗಿ ಕಾಣಿಸುತ್ತದೆ. ನಮ್ಮ ಪದ ಇಲ್ಲಿ ಕುರುಡು. 'ಪೂರ್ ಫೆಲೋ' ಎನ್ನುವಾಗ ಇಂಗ್ಲಿಷಿನಲ್ಲಿ ಮರುಕವಿದೆ. 'ದರಿದ್ರ' ನಮ್ಮ ಬಾಯಲ್ಲಿ ಬೈಗುಳ.

ಇನ್ನು ಕಾರ್ಡುಗಳು. ಟೆಕ್ಸಾಸ್‌ನಲ್ಲಿ ಸರ್ಕಾರದ ಆಹಾರ ನೆರವು ಬರುವುದು 'ಲೋನ್ ಸ್ಟಾರ್ ಕಾರ್ಡ್' ಎಂಬ ಪ್ಲಾಸ್ಟಿಕ್ ತುಂಡಿನಲ್ಲಿ. ರಾಜ್ಯದ ಬಾವುಟದ ಒಂಟಿ ನಕ್ಷತ್ರದ ಹೆಸರು, ಬಡತನದ ಸುಳಿವಿಲ್ಲ. ಅಂಗಡಿಯ ಸಾಲಿನಲ್ಲಿ ನಿಂತ ತಾಯಿಗೆ ಅದು ಸಣ್ಣ ಉಪಕಾರವಲ್ಲ. ಕರ್ನಾಟಕದಲ್ಲಿ ಆ ಕೆಲಸವನ್ನು 'ಬಿಪಿಎಲ್' ಮಾಡುತ್ತಿದೆ. ಬಿಡಿಸಿದರೆ ಅದು ಬಡತನದ ಗೆರೆಯ ಕೆಳಗೆ ಎಂಬ ಒರಟು ಮಾತು, ಬಿಡಿಸುವವರು ಯಾರು? 'ನಾವು ಬಡವರು' ಎನ್ನಲು ನಾಲಗೆ ತಡವರಿಸುವವರೂ 'ನಮ್ದು ಬಿಪಿಎಲ್' ಎಂದು ಸಲೀಸಾಗಿ ಹೇಳುತ್ತಾರೆ. ಇಂಗ್ಲಿಷು ಅಲ್ಲಿ ಮಾನ ಮುಚ್ಚುವ ಬಟ್ಟೆ. ಅಂಥ ಮಾತಿರುವ ಕನ್ನಡ ಕತೆಯನ್ನು ಇಂಗ್ಲಿಷಿಗೆ ತರುವವರು 'ಬಿಲೋ ಪಾವರ್ಟಿ ಲೈನ್' ಎಂದು ಬಿಡಿಸಿ ಬರೆದು ಆ ಬಟ್ಟೆಯನ್ನು ಎಳೆದುಬಿಡುತ್ತಾರೆ. ಮೂರಕ್ಷರವನ್ನು ಹಾಗೇ ಬಿಡುವುದು ಲೇಸು.