ತಡವಾಗಿ ಬೆಳಗಿದ ಪೆಡ್ರೊ ಪಾಸ್ಕಲ್

ನಟ ಪೆಡ್ರೊ ಪಾಸ್ಕಲ್ ಹೆಸರು ಮನೆಮಾತಾಗುವಷ್ಟರಲ್ಲಿ ಅವರಿಗೆ ನಲವತ್ತು ಸಮೀಪಿಸಿತ್ತು. ಹುಟ್ಟಿದ್ದು 1975ರಲ್ಲಿ, ಚಿಲಿಯ ಸ್ಯಾಂಟಿಯಾಗೊದಲ್ಲಿ. ಪಿನೊಚೆ ಸರ್ವಾಧಿಕಾರಕ್ಕೆ ಹೆದರಿ ಹೆತ್ತವರು ಕೂಸನ್ನೆತ್ತಿಕೊಂಡು ದೇಶ ಬಿಟ್ಟರು. ಬೆಳೆದದ್ದು ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ. ನ್ಯೂಯಾರ್ಕಿನಲ್ಲಿ ನಟನೆ ಕಲಿತ ಮೇಲೂ ವರ್ಷಗಟ್ಟಲೆ ಸಿಕ್ಕಿದ್ದು ಧಾರಾವಾಹಿಗಳ ಬಿಡಿ ಪಾತ್ರಗಳೇ.

2014ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಓಬೆರಿನ್ ಆಗಿ ಬಂದರು. ಇದ್ದದ್ದು ಒಂದೇ ಸೀಸನ್, ಆದರೆ ಆ ಠೀವಿಯನ್ನು ನೋಡಿದವರು ಮರೆಯಲಿಲ್ಲ. ಹಿಂದೆಯೇ ‘ನಾರ್ಕೋಸ್’.

‘ದಿ ಮ್ಯಾಂಡಲೋರಿಯನ್’ ಇನ್ನೂ ವಿಚಿತ್ರ ಪರೀಕ್ಷೆ. ಮುಖ ಬಹುತೇಕ ಶಿರಸ್ತ್ರಾಣದೊಳಗೆ. ಕವಚ ತೊಟ್ಟು ನಡೆಯುವುದು, ಹೊಡೆದಾಡುವುದು ಬಹುಪಾಲು ಬೇರೆ ಕಲಾವಿದರು. ಪಾಸ್ಕಲ್ ಕೈಯಲ್ಲಿ ಉಳಿದದ್ದು ಹೆಚ್ಚಾಗಿ ದನಿಯೇ. ತಗ್ಗಿದ, ತುಸು ದಣಿದ ಆ ದನಿಯಲ್ಲೇ ಅವರ ಪಾತ್ರ ಕಾಯುವ ಪುಟ್ಟ ಜೀವಿ ಗ್ರೋಗುವಿನ ಮೇಲಿನ ಅಕ್ಕರೆ ಕೇಳಿಸುತ್ತದೆ. ಮುಖವೇ ಬಂಡವಾಳವಾದ ತಾರೆಯರು ಇಂಥದ್ದಕ್ಕೆ ಒಪ್ಪುವುದು ಅಪರೂಪ.

ಆದರೂ ಅವರ ಅತ್ಯುತ್ತಮ ಕೆಲಸ 2023ರ ‘ದಿ ಲಾಸ್ಟ್ ಆಫ್ ಅಸ್’ ಎನ್ನಬೇಕು. ಆರನೇ ಕಂತಿನಲ್ಲಿ ಬೂಟು ರಿಪೇರಿಗೆ ಕೂತ ಅವರ ಪಾತ್ರ, ಒರಟ ಜೋಯಲ್, ತನ್ನ ಶಕ್ತಿ ಉಡುಗುತ್ತಿದೆಯೆಂದು ತಮ್ಮನೆದುರು ಒಪ್ಪಿಕೊಳ್ಳುತ್ತಾನೆ. ಅಳು ಒತ್ತರಿಸಿ ಬಂದರೂ ಬಿಕ್ಕುವುದಿಲ್ಲ. ಮಾತು ತುಂಡಾಗುತ್ತದೆ, ಅಷ್ಟೇ. ಈ ಪಾತ್ರಕ್ಕೆ 2024ರಲ್ಲಿ ಅಮೆರಿಕದ ನಟರ ಸಂಘದ ಪ್ರಶಸ್ತಿ ಬಂತು. ಅದೇ ವರ್ಷ ಅವರು ನಟಿಸಿದ ‘ಗ್ಲಾಡಿಯೇಟರ್ 2’ ಚಿತ್ರ ಕೂಡ ತೆರೆಕಂಡಿತು.