ಹಾಕಿ ನೋಡುವುದು ಹೇಗೆ? 2012ರ ಲೀಗ್ ಕಲಿಸುವ ಪಾಠ

ಮುಂಬಯಿ ಕನ್ನಡಿಗರಲ್ಲಿ ಕ್ರಿಕೆಟ್ ಗೊತ್ತಿಲ್ಲದವರು ವಿರಳ. ಹಾಕಿಯ ಮಾತು ಬಂದರೆ, "ಚೆಂಡೇ ಕಾಣುವುದಿಲ್ಲ ಮಾರಾಯ್ರೇ, ಗೋಲ್ ಯಾವಾಗ ಆಯಿತೋ ಗೊತ್ತಾಗಲಿಲ್ಲ" ಎನ್ನುವವರೇ ಹೆಚ್ಚು. ಅಂಥವರು 2012ರ ವರ್ಲ್ಡ್ ಸೀರೀಸ್ ಹಾಕಿಯಿಂದ ಕಲಿಯಲು ಶುರುಮಾಡಬಹುದು.

ಒಂದೇ ಋತು ನಡೆದು ನಿಂತುಹೋದ ವೃತ್ತಿಪರ ಲೀಗ್ ಅದು. ಭಾರತೀಯ ಹಾಕಿ ಫೆಡರೇಷನ್ ಮತ್ತು ನಿಂಬಸ್ ಸಂಸ್ಥೆ ನಡೆಸಿದ ಟೂರ್ನಿಗೆ ಅಂತರರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆ ಇರಲಿಲ್ಲ. ಆದರೂ ಎಂಟು ತಂಡಗಳು ಫೆಬ್ರುವರಿ 29ರಿಂದ ಏಪ್ರಿಲ್ 2ರವರೆಗೆ ಸೆಣಸಿದವು. ನಮ್ಮೂರಿನದು ಮುಂಬೈ ಮರೀನ್ಸ್. ಕರ್ನಾಟಕ ಲಯನ್ಸ್‌ಗೆ ಕೊಡಗಿನ ಅರ್ಜುನ್ ಹಾಲಪ್ಪ ನಾಯಕ, ಜೂಡ್ ಫೆಲಿಕ್ಸ್ ಕೋಚ್. ಚರ್ಚ್‌ಗೇಟ್ ಬಳಿಯ ಮಹೀಂದ್ರಾ ಕ್ರೀಡಾಂಗಣದ ಫೈನಲ್‌ನಲ್ಲಿ ಶೇರ್-ಎ-ಪಂಜಾಬ್ ತಂಡ ಪುಣೆ ಸ್ಟ್ರೈಕರ್ಸ್ ತಂಡವನ್ನು 5-2ರಿಂದ ಮಣಿಸಿತು.

ಬಿಡುವಿನ ನಂತರದ ಎರಡು ನಿಮಿಷ

ಆಗ ಅಂತರರಾಷ್ಟ್ರೀಯ ಪಂದ್ಯಕ್ಕೆ 35 ನಿಮಿಷಗಳ ಎರಡು ಅವಧಿ. ಈ ಲೀಗ್ ಅದೇ 70 ನಿಮಿಷವನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಭಾಗ ಮಾಡಿತು. 2014ರಿಂದ ಅಂತರರಾಷ್ಟ್ರೀಯ ಹಾಕಿಗೂ ನಾಲ್ಕು ಕ್ವಾರ್ಟರ್ ಬಂದವು, ತಲಾ 15 ನಿಮಿಷ. ಪ್ರತಿ ಬಿಡುವಿನಲ್ಲೂ ಕೋಚ್ ತಂತ್ರ ಬದಲಿಸಬಹುದು. ಹಾಗಾಗಿ ಆಟ ಮತ್ತೆ ಶುರುವಾದಾಗ ರಕ್ಷಣಾ ಸಾಲು ಮುಂದೆ ಬಂದಿದೆಯೋ ಹಿಂದೆ ಸರಿದಿದೆಯೋ ನೋಡಿ. ಕೋಚ್ ಏನು ಹೇಳಿ ಕಳಿಸಿದ್ದಾರೆಂದು ಅಲ್ಲೇ ತಿಳಿಯುತ್ತದೆ.

ಚೆಂಡಿಲ್ಲದವರ ಓಟ

ಚೆಂಡಿನ ಬೆನ್ನು ಹತ್ತಿದರೆ ಕಣ್ಣು ಸೋಲುತ್ತದೆ. ಹಾಕಿಯಲ್ಲಿ ಆಫ್‌ಸೈಡ್ ನಿಯಮವೇ ಈಗಿಲ್ಲ. ಫಾರ್ವರ್ಡ್ ಆಟಗಾರ ಎಲ್ಲಿ ಬೇಕಾದರೂ ಕಾದು ನಿಲ್ಲಬಹುದು. ಅವನು ಯಾವ ಖಾಲಿ ಜಾಗಕ್ಕೆ ಓಡುತ್ತಾನೆ, ಹಾಫ್‌ಬ್ಯಾಕ್ ಅದನ್ನು ಮೊದಲೇ ಊಹಿಸಿ ಹೇಗೆ ಅಡ್ಡ ಬರುತ್ತಾನೆ ಎಂಬುದೇ ಸೊಗಸು. ಹಾಫ್‌ಬ್ಯಾಕ್ ಜಾಗದಲ್ಲಿ ಆಡಿ ದೊಡ್ಡವರಾದವರು ಕೊಡಗಿನ ಎಂ. ಎಂ. ಸೋಮಯ್ಯ: 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿದ್ದರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದರು.

ಪೆನಾಲ್ಟಿ ಕಾರ್ನರ್

ಗೋಲ್ ಕಂಬದಿಂದ 10 ಮೀಟರ್ ದೂರದಲ್ಲಿ, ಹಿಂಗೆರೆಯ ಮೇಲಿಂದ ಒಬ್ಬ ಚೆಂಡು ತಳ್ಳುತ್ತಾನೆ. ಚೆಂಡು ಒಮ್ಮೆ 'ಡಿ', ಅಂದರೆ ಗೋಲ್ ಮುಂದಿನ ಅರೆವೃತ್ತ, ದಾಟಿ ಹೊರಗೆ ಹೋಗಲೇಬೇಕು. ಅಲ್ಲಿ ಒಬ್ಬ ಅದನ್ನು ಸ್ಟಿಕ್‌ನಿಂದ ತಡೆದು ನಿಲ್ಲಿಸುತ್ತಾನೆ, ಮತ್ತೊಬ್ಬ ಎಳೆದು ಚಿಮ್ಮಿಸುತ್ತಾನೆ; ಇದೇ ಡ್ರ್ಯಾಗ್ ಫ್ಲಿಕ್. ಗೋಲ್‌ಕೀಪರ್ ಮತ್ತು ನಾಲ್ವರು ರಕ್ಷಕರು ಗೆರೆಯ ಹಿಂದೆ ಬಾಗಿ ಕಾದಿರುತ್ತಾರೆ; ಚೆಂಡು ಕದಲಿದ ಕ್ಷಣವೇ ಒಬ್ಬ ನೇರ ಹೊಡೆತದ ದಾರಿಗೆ ನುಗ್ಗುತ್ತಾನೆ. ಮೊದಲ ಹೊಡೆತ ಹಿಟ್ ಆದರೆ ಚೆಂಡು ಗೋಲಿನೊಳಗಿನ 460 ಮಿಲಿಮೀಟರ್ ಎತ್ತರದ ಹಲಗೆಯ ಮಟ್ಟ ಮೀರುವಂತಿಲ್ಲ. ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿಯಿಲ್ಲ. ಹೊಸಬರು ಚೆಂಡು ನಿಲ್ಲಿಸುವವನನ್ನು ಗಮನಿಸಲಿ: ಅವನ ಸ್ಟಿಕ್ಕಿನಿಂದ ಚೆಂಡು ಗೇಣು ಜಾರಿದರೂ ಎಲ್ಲರ ಲೆಕ್ಕ ತಪ್ಪುತ್ತದೆ.

ಫ್ಲಿಕ್ ಒಂದರಿಂದಲೇ ಋತು ಗೆಲ್ಲಲಾಗದು. 2013ರ ಹಾಕಿ ಇಂಡಿಯಾ ಲೀಗ್‌ನಲ್ಲಿ ಮುಂಬೈ ಮೆಜಿಷಿಯನ್ಸ್‌ನ ಫ್ಲಿಕ್ ಪರಿಣತ ಸಂದೀಪ್ ಸಿಂಗ್ 11 ಗೋಲು ಹೊಡೆದು ಅಗ್ರಸ್ಥಾನದಲ್ಲಿದ್ದರು. ಅವರ ತಂಡ ಮಾತ್ರ ಐದರಲ್ಲಿ ಕೊನೆಯದಾಯಿತು.

ಎಲ್ಲಿ ಕೂರಬೇಕು?

ಮೊದಲರ್ಧ ನಡುಗೆರೆಯ ನೇರಕ್ಕೆ, ಆದಷ್ಟು ಎತ್ತರದಲ್ಲಿ ಕೂತು ತಂಡದ ಆಕಾರ ನೋಡಿ. ಎರಡನೆಯ ಅರ್ಧದಲ್ಲಿ 'ಡಿ' ಪಕ್ಕಕ್ಕೆ ಬನ್ನಿ.

ಚರ್ಚ್‌ಗೇಟ್‌ನಲ್ಲಿ ಇಳಿದರೆ ಮಹೀಂದ್ರಾ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಬಾಂಬೆ ಗೋಲ್ಡ್ ಕಪ್ ಹಾಕಿ ಟೂರ್ನಿಯ ಸುದ್ದಿ ಪತ್ರಿಕೆಯಲ್ಲಿ ಕಂಡರೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಒಂದು ಪಂದ್ಯವನ್ನಾದರೂ ಪೂರ್ತಿ ನೋಡಿ.