ಕಲ್ಲು ನಿಲ್ಲಿಸಿದವರು ಯಾರು?

ನಮ್ಮ ಬ್ಯಾಡಗಿ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬಂದೆ’ ಅಂತಾರೆ. ಅಂತ್ಯಕ್ರಿಯೆ ಅನ್ನೋದು ಪತ್ರಿಕೆಯವರ ಮಾತು. ಮಣ್ಣು ಅಂದರೆ ಮಣ್ಣೇ. ಕುಣಿ ತೋಡಿ, ಕೂರಿಸಿ, ವಿಭೂತಿ ಇಟ್ಟು, ಬಂದವರೆಲ್ಲ ಒಂದೊಂದು ಹಿಡಿ ಹಾಕುವುದು. ನಮ್ಮಪ್ಪನ ಮಣ್ಣಾಗಿ ಇಪ್ಪತ್ತಾರು ವರ್ಷ. ಕಲ್ಲು ನಿಲ್ಲಿಸಲಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಆ ಜಾಗ ಹುಡುಕಿಕೊಂಡು ಹೋದೆ. ಜಾಲಿ ಬೆಳೆದು ಒತ್ತಿಕೊಂಡಿತ್ತು, ಗುರುತು ಹತ್ತಲಿಲ್ಲ. ಜೊತೆಗೆ ಬಂದಿದ್ದ ಕಾಕಾ ಒಂದು ಕಡೆ ಕಾಲೂರಿ ನಿಂತು, “ಇಲ್ಲೇ ಎಲ್ಲೋ ಇರಬೇಕು” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರೂರು ತಿರುಗಿ ಸತ್ತವರ ಕಲ್ಲು ಓದತಿ, ನಿಮ್ಮಪ್ಪಗ ಒಂದು ಕಲ್ಲು ನಿಲ್ಲಸಾಕ ಆಗಲಿಲ್ಲೇನ ತಮ್ಮಾ?” ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆಯಿಂದ ನನ್ನ ಓದಿನ ಒಂದು ದೋಷ ಕಣ್ಣಿಗೆ ಬಿತ್ತು. ಅದು ನನ್ನೊಬ್ಬನದಲ್ಲ, ಸ್ಮಾರಕಶಿಲೆಗಳನ್ನು ಓದುವ ನಮ್ಮೆಲ್ಲರದೂ ಇರಬಹುದು ಅಂತ ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ವೀರಗಲ್ಲು ಸಿಕ್ಕಿತು ಅನ್ನಿ. ನಾವು ಮೊದಲು ಹುಡುಕುವುದು ದೊರೆಯ ಹೆಸರು. ಆಮೇಲೆ ಶಕವರ್ಷ, ಸಂವತ್ಸರ. ಆಮೇಲೆ ಸತ್ತವನ ಹೆಸರು, ಊರು, ಕಾಳಗದ ಕಾರಣ. ಇಷ್ಟು ಸಿಕ್ಕಿದರೆ ಸಾರಾಂಶ ಸಿದ್ಧ. ಕಲ್ಲಿನ ಕೊನೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬರು ಇರುತ್ತಾರೆ: ಮಗ, ತಮ್ಮ, ಹೆಂಡತಿ, ಆಳಿದೊಡೆಯ ಅಥವಾ ಶಿಷ್ಯ. ‘ನಿಲಿಸಿದಂ’ ಎಂಬ ಕ್ರಿಯಾಪದ ಇವರದು. ಅಳಿದುಹೋದ ಅಕ್ಷರಗಳ ಪೈಕಿ ಈ ಸಾಲಿನವೇ ಹೆಚ್ಚು ಅಂತ ನನ್ನ ಅನುಭವ, ಯಾಕಂದರೆ ಅದು ಕೆಳಗಿರುತ್ತದೆ, ಮಣ್ಣು ಮುಟ್ಟಿರುತ್ತದೆ. ಅಳಿಯದೆ ಉಳಿದಾಗಲೂ ನಮ್ಮ ಸಾರಾಂಶದಲ್ಲಿ ಅದಕ್ಕೆ ಅರ್ಧ ವಾಕ್ಯ.

ಹಾವೇರಿಯ ಸಿದ್ಧೇಶ್ವರ ಗುಡಿಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ಚಾಲುಕ್ಯರ ಕಾಲದ ಗುಡಿ ಅಂತ ನೋಡಲು ಬರುವವರು ಅದರ ಆವರಣದ ವೀರಗಲ್ಲುಗಳನ್ನು ದಾಟಿ ಹೋಗುತ್ತಾರೆ. ನಾನೂ ಹಾಗೇ ದಾಟಿದ್ದೆ, ಶಾಸನ ಇದೆಯೋ ಇಲ್ಲವೋ ಅಂತಷ್ಟೇ ನೋಡಿ. ಅಪ್ಪನ ಜಾಗ ಸಿಗದ ಮರುವಾರ ಮತ್ತೆ ಹೋದಾಗ ಅಲ್ಲಿ ಕೂತೆ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ, ತುದಿಗೆ ಸೂರ್ಯಚಂದ್ರ: ಈ ಮಾದರಿಯನ್ನು ವಿದ್ಯಾರ್ಥಿಗಳಿಗೆ ನೂರು ಸಲ ಹೇಳಿದ್ದೇನೆ. ಅವತ್ತು ಹೊಳೆದದ್ದು ಬೇರೆ. ಕೆಳಗಿನ ಹಲಗೆಯನ್ನು ಊರವರು ಕಣ್ಣಾರೆ ಕಂಡಿರಬಹುದು. ಮೇಲಿನ ಎರಡನ್ನು ಯಾರೂ ಕಂಡಿಲ್ಲ. ಅವು ಕಲ್ಲು ಮಾಡಿಸಿದವರು ತಮಗೆ ತಾವೇ ಹೇಳಿಕೊಂಡ ಸಮಾಧಾನ. ಹಾಗೆ ನೋಡಿದರೆ ವೀರಗಲ್ಲಿನ ಮೂರರಲ್ಲಿ ಎರಡು ಪಾಲು ಉಳಿದವರದು.

ಹಳೆಯ ಸ್ಮಶಾನಕ್ಕೆ ಹೋದಾಗ ಮನಸ್ಸು ಭಾರವಾಗುತ್ತದಲ್ಲ, ಆ ಭಾವನೆಯನ್ನು ನಾವು ಇಂಗ್ಲಿಷರಿಂದ ಕಲಿತದ್ದು ಅಂತ ಕೆಲವು ಗೆಳೆಯರು ವಾದಿಸುತ್ತಾರೆ. ಅರ್ಧ ನಿಜ. ಧಾರವಾಡದಲ್ಲಿ ಥ್ಯಾಕರೆಯ ಸಮಾಧಿಯ ಮುಂದೆ ನಿಂತರೆ ಭಾವನೆ ತಾನಾಗಿ ಬರುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಕಲೆಕ್ಟರ್, ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. ಚೆನ್ನಮ್ಮನ ಕಥೆ ಕೇಳಿ ಬೆಳೆದ ನನಗೆ ಅವನ ಮೇಲೆ ಕರುಣೆ ಬರಬೇಕಾದ ಕಾರಣ ಇಲ್ಲ. ಆದರೂ ಬರುತ್ತದೆ, ಯಾಕಂದರೆ ಅಂಥ ಸ್ಮಶಾನಗಳಲ್ಲಿ ಹೆಣ ಕಲ್ಲಿನ ಕೆಳಗೇ ಇರುತ್ತದೆ. ನಮ್ಮ ವೀರಗಲ್ಲುಗಳ ಕೆಳಗೆ ಸಾಮಾನ್ಯವಾಗಿ ಏನೂ ಇಲ್ಲ. ಅವು ನಿಂತದ್ದು ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ಗುಡಿಯ ಮುಂದೆ. ಆಮೇಲೆ ಅಲ್ಲಿಂದಲೂ ಕಿತ್ತು ಹನುಮಂತದೇವರ ಗುಡಿಯ ಗೋಡೆಗೆ ಒರಗಿಸಿರುತ್ತಾರೆ. ಹೀಗೆ ದೇಹವೂ ಇಲ್ಲದ, ಜಾಗವೂ ತನ್ನದಲ್ಲದ ಕಲ್ಲಿನಲ್ಲಿ ದುಃಖಕ್ಕೆ ಆಧಾರ ಬರಹ ಒಂದೇ. ಆ ಬರಹದ ಕೊನೆಯ ಸಾಲನ್ನೇ ಬಿಟ್ಟು ಓದಿದರೆ ಇವು ಬರೀ ದಾಖಲೆ ಅನಿಸುವುದು ಸಹಜ.

ಈ ವಿಷಯದಲ್ಲಿ ಕೆಲಸವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲೇ ಶಾಸನವನ್ನು ರಾಜರ ಪಟ್ಟಿಯಿಂದ ಬಿಡಿಸಿ ಜನರ ಕಡೆ ತಿರುಗಿಸಿತು. 1982ರಲ್ಲಿ ಎರಡು ಪುಸ್ತಕ ಬಂದವು: ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’, ಮತ್ತು ಷ. ಶೆಟ್ಟರ್ ಹಾಗೂ ಸೊಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’. ಇವಿಲ್ಲದೆ ನಾವ್ಯಾರೂ ಈ ಕ್ಷೇತ್ರದಲ್ಲಿ ಒಂದು ಹೆಜ್ಜೆ ಇಡಲಾರೆವು. ನನ್ನ ತಕರಾರು ಆ ಹಿರಿಯರ ಮೇಲಲ್ಲ, ಅವರ ವಿಂಗಡಣೆಯನ್ನು ನಾವು ಬಳಸಿದ ರೀತಿಯ ಮೇಲೆ. ತುರುಗೋಳು, ಊರಳಿವು, ಪೆಣ್ಬುಯ್ಯಲ್, ಬೇಟೆ ಅಂತ ಸಾವಿನ ಕಾರಣದ ಮೇಲೆ ವರ್ಗ ಮಾಡಿದ್ದು ಮೊದಲ ಹೆಜ್ಜೆಯಾಗಿ ಬಹಳ ಉಪಯುಕ್ತ. ನಲವತ್ತು ವರ್ಷದಿಂದ ನಾವು ಅದೇ ಡಬ್ಬಿಗಳಿಗೆ ಹೊಸ ಕಲ್ಲು ತುಂಬುತ್ತಿದ್ದೇವೆ. ಕಲ್ಲು ನಿಲ್ಲಿಸಿದವರು ಯಾರು ಎಂಬುದರ ಮೇಲೆ ವಿಂಗಡಿಸಿದರೆ ಚಿತ್ರ ಹೇಗೆ ಬದಲಾದೀತು ಅಂತ ಯಾಕೆ ಕೇಳಬಾರದು?

ಶೆಟ್ಟರ್ ಒಬ್ಬರು ಈ ಕಡೆ ಬಂದಿದ್ದರು. ‘ಸಾವಿಗೆ ಆಹ್ವಾನ’ದಲ್ಲಿ ಶ್ರವಣಬೆಳಗೊಳದ ನಿಸಿಧಿಗಳನ್ನು ಅವರು ತೇದಿಗಾಗಿ ಮಾತ್ರ ಓದಲಿಲ್ಲ, ಮನುಷ್ಯರು ಸಾವನ್ನು ಹೇಗೆ ಎದುರುಗೊಂಡರು ಅಂತ ಓದಿದರು. ಅಲ್ಲಿಯ ಗಂಗರಾಜನನ್ನೇ ತಗೊಳ್ಳಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಚೋಳರಿಂದ ತಲಕಾಡು ಗೆದ್ದವನು ಅಂತ ಪಠ್ಯಪುಸ್ತಕದಲ್ಲಿ ಬರುತ್ತಾನೆ. ಅದೇ ಮನುಷ್ಯ ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮೀಮತಿಗೂ ಬೆಳಗೊಳದಲ್ಲಿ ನಿಸಿಧಿ ನಿಲ್ಲಿಸಿದ. ಇಬ್ಬರದೂ ಸಲ್ಲೇಖನದ ಮರಣ, ಒಂದಕ್ಕೊಂದು ಹೆಚ್ಚು ಅಂತರವಿಲ್ಲ. ತಲಕಾಡಿನ ಗೆಲುವು ನನಗೆ ಕಂಠಪಾಠವಿತ್ತು. ಅವನು ಮಗನಾಗಿ ಕಲ್ಲು ನಿಲ್ಲಿಸಿದ ವಿಷಯ ಓದಿದ್ದೆ, ಆದರೆ ಕಾಕಾ ಕೇಳುವ ತನಕ ಅದು ನನ್ನೊಳಗೆ ಇಳಿದಿರಲಿಲ್ಲ.

ಆತಕೂರಿನ ಕಲ್ಲು ಎಲ್ಲರಿಗೂ ಗೊತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯನ ವಧೆ. ಇತಿಹಾಸಕಾರರು ಮುಗಿಬಿದ್ದದ್ದು ಇದಕ್ಕೆ. ಆದರೆ ಕಲ್ಲು ನಿಂತದ್ದು ಕಾಳಿ ಎಂಬ ನಾಯಿಗೆ. ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಏನು ಬೇಕೆಂದು ಕೇಳಿದ ದೊರೆಯಿಂದ ಬೇಡಿ ಪಡೆದ ನಾಯಿ ಅದು, ಹಂದಿಯೊಡನೆ ಕಾದಿ ಎರಡೂ ಸತ್ತವು. ಅವನು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅದರ ಪೂಜೆಯನ್ನು ಗೊರವನಿಗೆ ಒಪ್ಪಿಸಿದ. ಆ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪ ತಗಲುತ್ತದೆ ಎಂಬ ಕಟ್ಟಳೆಯನ್ನೂ ಬರೆಸಿದ. ಶಾಸನಗಳ ಶಾಪಾಶಯದಲ್ಲಿ ಗೋವು, ಕವಿಲೆ, ವಾರಣಾಸಿ ಬರುವುದು ರೂಢಿ. ಇಲ್ಲಿ ಮಾತ್ರ ಆ ನಾಯಿಯೇ ಬರುತ್ತದೆ. ರೂಢಿಯ ಮಾತು ಸಾಲದು ಅಂತ ಅವನಿಗೆ ಅನಿಸಿರಬೇಕು ಎಂದು ನಾನು ಓದುತ್ತೇನೆ. ತಕ್ಕೋಲದಷ್ಟೇ ಇದೂ ಇತಿಹಾಸ ಅಲ್ಲವೆ?

ಭಾವನೆಯಿಂದ ಓದುವುದರಲ್ಲಿ ಮೋಸ ಹೋಗುವ ಅಪಾಯವೂ ಇದೆ. 1057ರ ಬೆಳತೂರು ಶಾಸನ ನೋಡಿ. ಗಂಡ ಏಚನಿಗೆ ಮರಣದಂಡನೆಯಾದ ಸುದ್ದಿ ಕೇಳಿ ದೇಕಬ್ಬೆ ಬೆಂಕಿ ಹೊಗುತ್ತಾಳೆ. ಕವಿ ಮಲ್ಲನ ಪದ್ಯಗಳು ಎಷ್ಟು ಚೆನ್ನಾಗಿವೆ ಅಂದರೆ ಓದುತ್ತಾ ನಾವೂ ಕೈಮುಗಿದುಬಿಡುತ್ತೇವೆ. ಕಲ್ಲು ಬಯಸುವುದೂ ಅದನ್ನೇ. ಆದರೆ ಅದೇ ಶಾಸನದಲ್ಲಿ ತಾಯಿತಂದೆ, ನೆಂಟರು ಅವಳ ಕಾಲು ಹಿಡಿದು ಬೇಡ ಅನ್ನುತ್ತಾರೆ. ಹೊಗಳಲು ಕೂತ ಕವಿಗೂ ಅವರನ್ನು ಬಿಡಲಾಗಲಿಲ್ಲ. ತರಗತಿಯಲ್ಲಿ ದೇಕಬ್ಬೆಯ ಧೈರ್ಯ ವರ್ಣಿಸುವ ನಾವು ಆ ತಾಯಿತಂದೆಯ ಹತ್ತಿರ ಒಂದು ನಿಮಿಷವೂ ನಿಲ್ಲುವುದಿಲ್ಲ. ನನಗೆ ಹೊಟ್ಟೆ ಹಿಂಡಿದಂತಾಗುವುದು ಅಲ್ಲಿ.

ಈಗೀಗ ವೀರಗಲ್ಲಿನ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ, ಕೆಳಗೆ ‘ಕನ್ನಡಿಗರ ಶೌರ್ಯ’ ಅಂತ ಒಕ್ಕಣೆ. ಹುಡುಗರು ಕಲ್ಲು ತೊಳೆದು ಎತ್ತಿ ನಿಲ್ಲಿಸುತ್ತಾರೆ, ಅದು ಒಳ್ಳೆಯದೇ. (ಎಣ್ಣೆಬಣ್ಣ ಮಾತ್ರ ಬಳಿಯಬೇಡಿ ಮಾರಾಯ್ರೆ. ಅಕ್ಷರಕ್ಕೆ ಸುಣ್ಣದ ಪುಡಿ ಸಾಕು.) ಆದರೆ ನಮ್ಮ ಕಡೆಯ ತುರುಗೋಳ್ ಕಲ್ಲುಗಳಲ್ಲಿ ದನ ಹೊಡೆದುಕೊಂಡು ಹೋಗಲು ಬಂದವನೂ ಬಹುಪಾಲು ಪಕ್ಕದ ಸೀಮೆಯ ಕನ್ನಡಿಗನೇ. ಸತ್ತವನ ಮನೆಗೆ ನೆತ್ತರುಗೊಡಗೆ ಅಂತ ಹೊಲ ಕೊಡುತ್ತಿದ್ದರು. ಇವತ್ತಿನ ಪರಿಹಾರಧನದ ಹಾಗೆ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೆ ದುಡಿಯುವ ಕೈ ಹೋದ ಮನೆ ಬದುಕಬೇಕಿತ್ತು ಎಂಬುದು ಆ ಶಬ್ದದಲ್ಲೇ ಇದೆ.

ನಮ್ಮ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹಾವೇರಿಯಲ್ಲಿ ಸ್ಮಾರಕವಿದೆ. ಶಾಲೆಯಿಂದ ನಮ್ಮನ್ನು ಕರೆದುಕೊಂಡು ಹೋದಾಗ ಹೆಸರು, ಇಸವಿ ಬರೆದುಕೊಂಡು ಬಂದೆವು. ಅವರ ಮನೆಗಳಲ್ಲಿ ಅವತ್ತು ರಾತ್ರಿ ಏನಾಗಿರಬಹುದು ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಶಾಸನದ ಸಾರಾಂಶ ಬರೆಯುವ ನನ್ನ ರೀತಿ ಅಲ್ಲೇ ಶುರುವಾಗಿರಬೇಕು.

ಈಗ ನನ್ನ ಕ್ಷೇತ್ರಕಾರ್ಯದ ವಹಿಯಲ್ಲಿ ಒಂದು ಅಂಕಣ ಹೆಚ್ಚಿಗೆ ಎಳೆದಿದ್ದೇನೆ: ನಿಲ್ಲಿಸಿದವರು, ಸತ್ತವರಿಗೆ ಇವರು ಏನಾಗಬೇಕು. ಹಳೆಯ ಟಿಪ್ಪಣಿಗಳನ್ನು ತೆಗೆದು ಆ ಅಂಕಣ ತುಂಬಿಸಲು ಕೂತರೆ, ನಾನೇ ಅಚ್ಚು ತೆಗೆದ ಎಷ್ಟೋ ಕಲ್ಲುಗಳಿಗೆ ಕೊನೆಯ ಸಾಲನ್ನು ನಾನು ಬರೆದುಕೊಂಡೇ ಇಲ್ಲ. ಕಾಗದ ಒದ್ದೆ ಮಾಡಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಎರಡು ತಾಸು ಕಲ್ಲಿನ ಮುಂದೆ ಮಂಡಿಯೂರಿದವನು ನಾನೇ. ‘ಕೊನೆಯ ಸಾಲು ಅಸ್ಪಷ್ಟ, ಮಹತ್ವವಿಲ್ಲ’ ಅಂತ ಬರೆದ ಅಕ್ಷರವೂ ನನ್ನದೇ. ಆ ಊರುಗಳಿಗೆಲ್ಲ ಮತ್ತೆ ಹೋಗಬೇಕು.

ಅಪ್ಪನಿಗೆ ಕಲ್ಲು ಮಾಡಲು ಹೇಳಿದ್ದೇವೆ. ಜಾಗ ಕಾಕಾ ತೋರಿಸಿದ್ದೇ ಪ್ರಮಾಣ. ಹೆಸರು, ಎರಡು ತಾರೀಖು, ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಕೆಳಗೆ ಯಾರ ಹೆಸರು ಹಾಕಲಿ ಅಂತ ಕಲ್ಲು ಕೆತ್ತುವವನು ಕೇಳಿದಾಗ ಅಣ್ಣ ‘ಮಕ್ಕಳು’ ಅಂತ ಹಾಕಿದರೆ ಸಾಕು ಅಂದ. ತಂಗಿ ಒಪ್ಪುತ್ತಿಲ್ಲ. “ನನ್ನ ಹೆಸರು ಹಾಕಸ್ರಿ. ಅವ್ವನ ಹೆಸರೂ ಹಾಕಸ್ರಿ” ಅಂತ ಕೂತಿದ್ದಾಳೆ. ಆ ಸಾಲು ಇನ್ನೂ ಖಾಲಿ ಇದೆ.